ಪರೀಕ್ಷೆಗೆ ಹೋದ ಹಿತ್ತಲ ಮಣ್ಣು

ಊರಿನ ಮಣ್ಣಿನಲ್ಲಿ ತಾನಾಗಿಯೇ ಇರುವ ವಿಕಿರಣ ಎಷ್ಟೆಂದು ಅಳೆಯುವ ಪ್ರಯೋಗಾಲಯದಲ್ಲಿ ಅವನಿಗೆ ಕೆಲಸ. ಹದಿನೆಂಟು ವರ್ಷದಿಂದ ಪಾರ್ಕು, ಶಾಲೆ ಮೈದಾನ, ಕಂಡವರ ಹಿತ್ತಲು ಅಗೆದು ಅಗೆದು ಬೀದಿಯ ಮಕ್ಕಳ ಬಾಯಲ್ಲಿ ‘ಮಣ್ಣುಮಾಮ’ ಆಗಿಬಿಟ್ಟಿದ್ದ. ತಂದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ ಒಂದು ತಿಂಗಳು ಕಾಯಬೇಕು; ಆಮೇಲಷ್ಟೇ ಯಂತ್ರದೊಳಗೆ. ಇದರಲ್ಲಿ ಕಾಲುಭಾಗ ತಾಳ್ಮೆ ಮನೆಯಲ್ಲಿ ತೋರಿಸಿದ್ದರೂ ಹೆಂಡತಿ ಕೈಮುಗಿಯುತ್ತಿದ್ದಳು.

ಈ ಸಲ ಪಟ್ಟಿಯಲ್ಲಿ ಅವನ ಬೀದಿಯೇ ಬಂತು. “ಭಾನುವಾರ ನಮ್ಮ ಹಿತ್ತಲ ಮಣ್ಣೂ ತಗೋತೀನಿ” ಎಂದು ಮನೆಯಲ್ಲಿ ಹೆಂಡತಿಗೂ, ಹಿತ್ತಲ ಗಿಡ ನೋಡಿಕೊಳ್ಳುವ ಅತ್ತೆಗೂ ಹೇಳಿದ. ಹೇಳಿದಂತೆ ತೆಗೆದುಕೊಂಡೂ ಹೋದ.

ತಿಂಗಳು ಕಳೆದು ಯಂತ್ರ ತೋರಿಸಿದ ಒಟ್ಟು ಅಂಕಿಯನ್ನು ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಊರಿಗೆಲ್ಲ ಹೆಚ್ಚು! ಐದು ವರ್ಷದ ಮಗಳು ದಿನವಿಡೀ ಹೊರಳಾಡುವುದು ಅದೇ ಮಣ್ಣಲ್ಲಿ. ಇಷ್ಟು ವರ್ಷ ಊರವರಿಗೆಲ್ಲ ಧೈರ್ಯ ಹೇಳಿದ್ದವನು ಎದ್ದುಬಿದ್ದು ಮನೆಗೆ ಓಡಿದ. ಮಗಳನ್ನು ಎತ್ತಿಕೊಂಡು ಹೋಗಿ ಮೂರು ಸಲ ಸೋಪು ಹಚ್ಚಿ ತೊಳೆದ, ಹಿತ್ತಲ ಬಾಗಿಲಿಗೆ ಬೀಗ ಜಡಿದ. ಮಗಳು ಬೀದಿಗೆಲ್ಲ ಕೇಳುವಂತೆ ಅತ್ತಳು. ಅವನಿಗೂ ಅಳು ಬಂದಿತ್ತು, ಆದರೆ ಸೋಪಿನ ನೊರೆ ಕಣ್ಣಿಗೆ ಹೋಯಿತೆಂದ.

ಮರುದಿನ ಪ್ರಯೋಗಾಲಯದ ಮೇಡಂ ಯಂತ್ರದ ಗ್ರಾಫ್ ನೋಡಿ ಹುಬ್ಬೇರಿಸಿದರು. “ಯುರೇನಿಯಂ, ಥೋರಿಯಂ ಎಲ್ಲ ಮಾಮೂಲು ಕಣ್ರೀ. ಪೊಟ್ಯಾಸಿಯಂ ಒಂದೇ ಏರಿರೋದು. ಅದರಲ್ಲಿ ಒಂಚೂರು ವಿಕಿರಣ ಇರೋದೇ, ಅದು ನಮ್ಮ ಮೈಯಲ್ಲೂ ಇರತ್ತೆ. ಗೊಬ್ಬರ ಹಾಕಿದ್ರಾ?”

ಸಂಜೆ ಅವನು ಅತ್ತೆಯ ಮುಂದೆ ನಿಂತ. “ಅತ್ತೆ, ಆ ಮಣ್ಣಿಗೆ ಏನಾದ್ರೂ ಹಾಕಿದ್ರಾ?”

“ಇನ್ನೇನು ಮತ್ತೆ? ಪರೀಕ್ಷೆಗೆ ಹೋಗೋ ಮಣ್ಣನ್ನ ಹಾಗೇ ಕಳಿಸಕ್ಕಾಗತ್ತಾ ಅಳಿಯಂದ್ರೇ? ಕಲ್ಲು ಆರಿಸಿ, ಎರಡು ಹಿಡಿ ಪೊಟ್ಯಾಷ್ ಗೊಬ್ಬರ ಕಲಸಿಟ್ಟೆ. ನಿಮ್ಮ ಆಫೀಸಲ್ಲಿ ನಮ್ಮ ಮನೆ ಮರ್ಯಾದೆ ಹೋಗ್ಬಾರದಲ್ಲ!”

ಅವನು ಅಲ್ಲೇ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕ. ಬೀಗ ತೆಗೆದ. ಗೊಬ್ಬರ ಸೋಕದ ಮೂಲೆಯಿಂದ ಬೇರೆ ಮಣ್ಣು ಅಗೆದು ಒಯ್ದ. ಅಗೆಯುವಷ್ಟು ಹೊತ್ತೂ ಅತ್ತೆಯನ್ನು ಅಡುಗೆಮನೆಯಲ್ಲೇ ಕೂರಿಸಿದ್ದ.

ಮತ್ತೊಂದು ತಿಂಗಳಾದ ಮೇಲೆ ವರದಿ ಕೈಗೆ ಬಂತು. “ಸಾಧಾರಣ” ಎಂಬ ಆ ಒಂದು ಪದವನ್ನು ಅವನು ಬಸ್ಸಿನಲ್ಲಿ ಏಳು ಸಲ ಓದಿಕೊಂಡ. ಜನ್ಮದಲ್ಲಿ ಯಾವ ಹೊಗಳಿಕೆಯೂ ಅವನಿಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಅತ್ತೆ ಮಾತ್ರ ಮುಖ ಊದಿಸಿಕೊಂಡರು. “ಸಾಧಾರಣಾನಾ? ನನ್ನ ಮಣ್ಣಾ? ನಾನು ಹಾಕ್ಕೊಟ್ಟಾಗ ಊರಿಗೇ ಫಸ್ಟ್ ಬಂದಿತ್ತು!”

ಅಳಿಯ ಬಾಯಿ ತೆರೆಯುವಷ್ಟರಲ್ಲಿ ಮಗಳು ಮೊಣಕಾಲುದ್ದ ಕೆಸರು ಮಾಡಿಕೊಂಡು ಓಡಿಬಂದು ಅವನ ಬಿಳಿ ಅಂಗಿಯನ್ನು ತಬ್ಬಿಕೊಂಡಳು. ಅವನು ಒರೆಸಿಕೊಳ್ಳಲಿಲ್ಲ.