ಕಾಲ್ಬೆರಳು ನೋಡುವ ದೊಡ್ಡಮ್ಮ

ಬೆಳಗಿನ ಐದೂಮುಕ್ಕಾಲು. ಹೆರಿಗೆ ವಾರ್ಡಿನ ಕಿಟಕಿಗಳಲ್ಲಿ ಬೆಳಕು ಈಗಷ್ಟೇ ಮೂಡುತ್ತಿದೆ. ಉದ್ದನೆಯ ಕೋಣೆಯ ಎರಡೂ ಬದಿಗೆ ಹತ್ತು ಹತ್ತರಂತೆ ಇಪ್ಪತ್ತು ಮಂಚಗಳು. ನಡುವಿನ ಓಣಿಯಲ್ಲಿ ಒಂದು ಬಕೆಟ್, ನೆಲ ಒರೆಸುವ ಕೋಲು, ಕೋಲಿನ ಹಿಂದೆ ನೀಲಿ ಸಮವಸ್ತ್ರದ ದೊಡ್ಡಮ್ಮ. ತಲೆ ಬಗ್ಗಿಸಿಕೊಂಡೇ ಬರುತ್ತಾರೆ. ಮಂಚದ ಕೆಳಗೆ ಕೋಲು ತೂರಿಸುತ್ತಾರೆ, ಎಳೆಯುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಹನ್ನೊಂದನೇ ಮಂಚದ ಬಳಿ ಕೋಲು ನಿಲ್ಲುತ್ತದೆ.

ಮಂಚದ ಅಂಚಿನಿಂದ ಎರಡು ಕಾಲು ಇಳಿಬಿದ್ದಿವೆ. ನೆಲ ಇನ್ನೂ ಒಂದು ಗೇಣು ಕೆಳಗಿದೆ. ಹತ್ತೂ ಬೆರಳು ಬಿಗಿಯಾಗಿ ಮಡಿಚಿಕೊಂಡಿವೆ.

"ತುಂಬಾ ನೋವಾಗ್ತಿದೆ ಅಲ್ವೇನಮ್ಮ?" ದೊಡ್ಡಮ್ಮ ಇನ್ನೂ ಆಕೆಯ ಮುಖ ನೋಡಿಲ್ಲ.

ಮಂಚದ ಮೇಲಿರುವವರು ಶಾಲೆಯ ಟೀಚರ್. ಮೂರು ದಿನದ ಹಿಂದೆ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದ್ದಾರೆ. ಮಡಿಲಲ್ಲಿರುವ ಹೆಣ್ಣು ಕೂಸು ಮುಖವೆಲ್ಲ ಕೆಂಪಗೆ ಮಾಡಿಕೊಂಡು, ಇಡೀ ವಾರ್ಡು ಏಳುವಂತೆ ಅಳುತ್ತಿದೆ. ದಿಂಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ನಗುಮೊಗದ ಹೆಂಗಸೊಬ್ಬಳು ಹಾಲೂಡಿಸಲು ಮಗುವನ್ನು ಹಿಡಿಯುವ ಏಳು ಬಗೆಗಳನ್ನು ತೋರಿಸುತ್ತಿದ್ದಾಳೆ.

"ಏಳೂ ಮಾಡಿ ನೋಡಿದೆ ದೊಡ್ಡಮ್ಮ. ಎಡಗಡೆ ಹೇಗೋ ಸ್ವಲ್ಪ ಕುಡಿಯುತ್ತೆ. ಬಲಗಡೆ ಇಟ್ರೆ ಸಾಕು, ಹೀಗೆ ಕಿರುಚುತ್ತೆ." ಟೀಚರ್ ಕಣ್ಣು ತುಂಬಿಕೊಂಡಿದೆ.

"ಆ ವಿಡಿಯೋದಲ್ಲಿರೋದು ಪ್ಲಾಸ್ಟಿಕ್ ಗೊಂಬೆ ಕಣಮ್ಮ. ಅದಕ್ಕೆ ಸಿಟ್ಟು ಬರಲ್ಲ. ನಿನ್ನ ಮಗಳಿಗೆ ಬರುತ್ತೆ."

ಅಳುವಿಗೆ ಕಾರಣವಿದೆ, ಟೀಚರ್ ಭಯಕ್ಕೂ ಕಾರಣವಿದೆ. ಹುಟ್ಟಿದಾಗ ಕೂಸಿನ ತೂಕ ಎರಡು ಕಿಲೋ ಎಂಟುನೂರು ಗ್ರಾಂ. ಈಗ ಎರಡು ಕಿಲೋ ಐನೂರಾ ಐವತ್ತು. ನಾಳೆ ಹತ್ತು ಗಂಟೆಗೆ ಮತ್ತೆ ತೂಗುತ್ತಾರೆ. ಇನ್ನೂ ಇಳಿದಿದ್ದರೆ ಕೂಸನ್ನು ಎದುರಿನ ಶಿಶು ಆರೈಕೆಯ ಗಾಜಿನ ಕೋಣೆಗೆ ಒಯ್ದು ಅಲ್ಲೇ ಇಟ್ಟುಕೊಳ್ಳುವುದಾಗಿ ಡಾಕ್ಟರ್ ಹೇಳಿದ್ದಾರೆ. ತಾಯಿ ಇಲ್ಲಿ, ಮಗು ಅಲ್ಲಿ. ಟೀಚರ್‌ಗೆ ರಾತ್ರಿಯಿಡೀ ಕಣ್ಣಿಗೆ ಕಣ್ಣು ಹತ್ತಿಲ್ಲ.

ದೊಡ್ಡಮ್ಮ ಬಕೆಟ್ ತೆಗೆದುಕೊಂಡು ಹೊರಗೆ ಹೋಗುತ್ತಾರೆ. ನೀರು ಚೆಲ್ಲಿ, ತೊಳೆದು, ಒರೆಸಿ, ತಂದು ಟೀಚರ್ ಕಾಲಡಿ ಮಗುಚಿ ಇಡುತ್ತಾರೆ. ಮೇಲೊಂದು ಒಗೆದ ಬಟ್ಟೆ ಹಾಸುತ್ತಾರೆ. ನೇತಾಡುತ್ತಿದ್ದ ಕಾಲಿಗೆ ನೆಲೆ ಸಿಗುತ್ತದೆ, ಬೆನ್ನು ದಿಂಬಿಗೆ ತಾಗುತ್ತದೆ.

"ಮೊದಲ ಸಲ ಬಕೆಟ್ ಮಗುಚಿದಾಗ ಒಳಗಿದ್ದ ನೀರು ಚೆಲ್ಲೋದೇ ಮರೆತುಬಿಟ್ಟಿದ್ದೆ. ಡಾಕ್ಟರ್ ಬರೋ ಹೊತ್ತು ಬೇರೆ. ವಾರ್ಡೆಲ್ಲ ಕೆರೆ!" ಎಂದು, ತಮ್ಮ ಬಗ್ಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗಿ ನಗುತ್ತಾರೆ.

ಬಾಗಿಲ ಬಳಿಯ ಫಲಕದಲ್ಲಿ ದಪ್ಪಕ್ಷರದಲ್ಲಿ ಬರೆದಿದೆ: ಸ್ವಚ್ಛತಾ ಸಿಬ್ಬಂದಿ ಶಿಶುಗಳನ್ನು ಮುಟ್ಟಬಾರದು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿರುವ ದೊಡ್ಡಮ್ಮ ಒಂದು ಕೂಸನ್ನೂ ಮುಟ್ಟಿಲ್ಲ. ಬೇಸರವಿಲ್ಲವೇ ಎಂದು ಕೇಳಿದರೆ ನನ್ನನ್ನೇ ಗದರುತ್ತಾರೆ. "ಸರಿಯಾಗೇ ಬರೆದಿದ್ದಾರೆ. ನಂದು ಫಿನಾಯಿಲ್ ಕೈ. ಆಗ ಹುಟ್ಟಿದ ಕೂಸಿಗೆ ಯಾಕೆ ಸೋಕಿಸ್ಬೇಕು?" ಹಾಗಾಗಿ ಅವರ ಪಾಠವೆಲ್ಲ ಬಾಯಲ್ಲಿ, ಜೊತೆಗೆ ಸುರುಳಿ ಸುತ್ತಿದ ಒಂದು ಟವೆಲ್. ಆ ಟವೆಲ್ಲೇ ಅವರ ಕೂಸು.

ದಿನಕ್ಕೆ ಆರೇಳು ಹೆರಿಗೆಯಾಗುವ ಆಸ್ಪತ್ರೆಯಿದು. ಇಪ್ಪತ್ತು ಮಂಚದ ಅಡಿ, ನಾಲ್ಕು ಶೌಚಾಲಯ, ಎರಡು ಓಣಿ, ಒಂದು ಮೆಟ್ಟಿಲಸಾಲು, ದಿನಕ್ಕೆ ಮೂರು ಸಲ. ಇದಿಷ್ಟು ದೊಡ್ಡಮ್ಮನ ಪಾಲಿನ ಕೆಲಸ. ಹಾಲು ಕುಡಿಸುವ ವಿಷಯ ಅವರ ಕೆಲಸದ ಪಟ್ಟಿಯಲ್ಲೇ ಇಲ್ಲ. ವಾರ್ಡಿನ ಸಿಸ್ಟರ್ ಮಾತ್ರ ಸತ್ಯ ಒಪ್ಪಿಕೊಳ್ಳುತ್ತಾರೆ. "ನಾವು ಇಬ್ರು, ತಾಯಂದಿರು ಇಪ್ಪತ್ತು. ಯಾರಿಗೆ ಕಷ್ಟ ಆಗ್ತಿದೆ ಅಂತ ನಮಗಿಂತ ಮೊದಲು ಇವರಿಗೇ ಗೊತ್ತಾಗುತ್ತೆ."

ಹೇಗೆ ಗೊತ್ತಾಗುತ್ತದೆ? "ನಾನು ನೆಲ ನೋಡ್ಕೊಂಡು ಹೋಗೋಳು. ನಂಗೆ ಕಾಣೋದು ಕಾಲು ಮಾತ್ರ. ಕೇಳಿದ್ರೆ ಎಲ್ಲಾ ಹೆಂಗಸ್ರೂ 'ಪರವಾಗಿಲ್ಲ, ಪರವಾಗಿಲ್ಲ' ಅಂತಾರೆ. ಬೆರಳು ಸುಳ್ಳು ಹೇಳಲ್ಲ. ಮಡಿಚ್ಕೊಂಡಿದ್ರೆ ಕೂಸು ಸರಿಯಾಗಿ ಬಾಯಿ ಹಾಕಿಲ್ಲ ಅಂತ ಅರ್ಥ."

ಈ ಪಾಠ ಅವರಿಗೆ ತಡವಾಗಿ ಸಿಕ್ಕಿತು. ಮೂಟೆ ಹೊರುವ ಗಂಡ ಸೊಂಟ ಹಿಡಿದು ಹಾಸಿಗೆ ಸೇರಿದಾಗ ದೊಡ್ಡಮ್ಮ ಈ ಕೋಲು ಹಿಡಿದರು. ಆ ಹೊತ್ತಿಗೆ ಅವರ ಮಗಳಿಗೆ ಹತ್ತು ವರ್ಷ. "ನನ್ನ ಮಗಳೂ ಒಂದೇ ಕಡೆ ಕುಡೀತಿದ್ಲು. ಇನ್ನೊಂದು ಕಡೆ ಕಲ್ಲಿನ ಹಾಗಾಗಿ ಜ್ವರ ಬಂತು. ಇವಳಿಗೆ ಹಾಲೇ ಇಲ್ಲ ಅಂದ್ಬಿಟ್ರು ಎಲ್ರೂ. ಬಾಟ್ಲಿ ಹಿಡಿಸಿದ್ವಿ. ನಂದೇ ತಪ್ಪು ಅಂತ ಹತ್ತು ವರ್ಷ ಅಂದ್ಕೊಂಡಿದ್ದೆ. ಇಲ್ಲಿಗೆ ಬಂದು ಇವರ ಕಾಲು ನೋಡ್ದಾಗ ನೆನಪಾಯ್ತು, ಆವತ್ತು ನನ್ನ ಕಾಲೂ ಹೀಗೇ ಗಾಳೀಲಿ ನೇತಾಡ್ತಿತ್ತು." ಹೇಳಿ ಮುಗಿಸುವಾಗ ಕೋಲಿನ ಹಿಡಿಯನ್ನು ಸುಮ್ಮನೆ ಒರೆಸುತ್ತಾರೆ.

ಹನ್ನೊಂದನೇ ಮಂಚದಲ್ಲಿ ಕೂಸು ಅತ್ತು ಅತ್ತು ಸುಸ್ತಾಗಿದೆ. ದೊಡ್ಡಮ್ಮ ಒಂದೇ ಪ್ರಶ್ನೆ ಕೇಳುತ್ತಾರೆ. "ಕೂಸಿಗೆ ಲಸಿಕೆ ಸೂಜಿ ಯಾವ ತೊಡೆಗೆ ಚುಚ್ಚಿದ್ದಾರೆ?"

"ಎಡಗಡೆ."

"ಹೂಂ. ಬಲಗಡೆ ಹಾಲಿಗೆ ಅಂತ ಈ ಕಡೆಯಿಂದ ಆ ಕಡೆ ಹೊರಳಿಸ್ತೀಯಲ್ಲ, ಆಗ ಎಡತೊಡೆ ಕೆಳಗೆ ಸಿಕ್ಕಿ ಒತ್ತುತ್ತೆ. ಮುಟ್ಟಿದ್ರೆ ನೋಯೋ ಜಾಗ ಅದು. ಅದಕ್ಕೆ ಬೈತಿದ್ದಾಳೆ ನಿನ್ನ."

ಟವೆಲನ್ನು ಎಡಮೊಣಕೈ ಮೇಲೆ ಮಲಗಿಸಿ ತೋರಿಸುತ್ತಾರೆ. "ಎಡಗಡೆ ಹೇಗೆ ಮಲಗಿದ್ಲೋ ಹಾಗೇ ಇರ್ಲಿ. ತಿರುಗಿಸ್ಬೇಡ, ಬರೀ ಜರುಗಿಸು. ತಲೆ ಬಲಗಡೆ ಎದೆಗೆ ಬರ್ಲಿ, ಕಾಲು ನಿನ್ನ ಬಲಗಂಕುಳ ಕೆಳಗೆ ಹಿಂದಕ್ಕೆ ಹೋಗ್ಲಿ. ಕೆಳಗೊಂದು ದಿಂಬು. ಹೊಲಿಗೆ ಮೇಲೂ ಭಾರ ಬೀಳಲ್ಲ. ನೀನು ಬಗ್ಗಬೇಡ, ಅವಳೇ ಬರ್ಲಿ. ತಾಳು... ತಾಳು... ಆಕಳಿಸುವಷ್ಟು ಬಾಯಿ ತೆಗೀಲಿ. ಈಗ!"

ಅಳು ನಿಲ್ಲುತ್ತದೆ. ಒಂದು ಗುಟುಕು, ಇನ್ನೊಂದು, ಆಮೇಲೆ ಲೆಕ್ಕವಿಲ್ಲ. ನಾನು ಕೂಸಿನ ಕೆನ್ನೆ ನೋಡುತ್ತಿದ್ದರೆ ದೊಡ್ಡಮ್ಮ ಬಕೆಟ್ ಕಡೆ ನೋಡುತ್ತಿದ್ದಾರೆ. ಹತ್ತೂ ಬೆರಳು ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ.

ಅಷ್ಟರಲ್ಲಿ ಮೇಲ್ವಿಚಾರಕರು ಬಂದು ಓಣಿಯಲ್ಲಿ ನಿಂತು, ಅರ್ಧ ನೆಲ ಒಣಗಿಯೇ ಇದೆಯಲ್ಲ ಎಂದು ಗೊಣಗುತ್ತಾರೆ. "ಬಕೆಟ್‌ಗೆ ಬಿಡುವಿಲ್ಲ ಸಾರ್," ಎನ್ನುತ್ತಾರೆ ದೊಡ್ಡಮ್ಮ. ಮೇಲ್ವಿಚಾರಕರು ಹನ್ನೊಂದನೇ ಮಂಚದತ್ತ ಕಣ್ಣು ಹಾಯಿಸಿ, ಬಂದ ದಾರಿಯಲ್ಲೇ ಹೋಗುತ್ತಾರೆ. ಆ ದಿನ ಎಂಟು ಸಲ ಬಕೆಟ್ ಮಗುಚಿತು.

ಮರುದಿನ ಹತ್ತು ಗಂಟೆ. ಡಾಕ್ಟರ್ ಬಂದಾಗ ನೆಲ ಒರೆಸುವವರು ವಾರ್ಡಿನ ಹೊರಗಿರಬೇಕು. ದೊಡ್ಡಮ್ಮ ಗಾಜಿನ ಬಾಗಿಲಾಚೆ ನಿಂತು, ಆಗಲೇ ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಾರೆ. ಸಿಸ್ಟರ್‌ಗೂ ಅವರಿಗೂ ಒಂದು ಸನ್ನೆಯಿದೆ. ತೂಕ ಇಳಿದಿದ್ದರೆ ಮುಷ್ಟಿ, ಏರಿದ್ದರೆ ಹತ್ತು ಗ್ರಾಂಗೆ ಒಂದು ಬೆರಳು. ಒಳಗೆ ಕೂಸನ್ನು ತಕ್ಕಡಿಯ ಮೇಲೆ ಮಲಗಿಸುತ್ತಾರೆ. ಟೀಚರ್ ಕಣ್ಣು ಮುಚ್ಚಿಕೊಂಡಿದ್ದಾರೆ. ನಾನೂ ದೊಡ್ಡಮ್ಮನ ಪಕ್ಕ ಗಾಜಿಗೆ ಮುಖ ಒತ್ತಿ ನಿಂತಿದ್ದೇನೆ.

ಸಿಸ್ಟರ್ ಬಾಗಿಲ ಕಡೆ ತಿರುಗಿ ಕೈಯೆತ್ತುತ್ತಾರೆ. ನಾಲ್ಕು ಬೆರಳು.

ದೊಡ್ಡಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, "ಫಿನಾಯಿಲ್ ಘಾಟು," ಎನ್ನುತ್ತಾರೆ. ನಾನು ನಂಬುವುದಿಲ್ಲ.

ಏನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ತುಂಬಾ ಯೋಚಿಸುವುದಿಲ್ಲ. "ಮಂಚಕ್ಕೊಂದರ ಹಾಗೆ ಇಪ್ಪತ್ತು ಕಾಲುಮಣೆ ಮಾಡಿಸಿಕೊಟ್ರೆ ಸಾಕು. ನನ್ನ ಬಕೆಟ್ ನಂಗೆ ವಾಪಸ್ ಸಿಗುತ್ತೆ. ನೆಲಾನೂ ಒರೆಸ್ಬೇಕಲ್ವಾ?"

ಡಾಕ್ಟರ್ ಹೋದ ಮೇಲೆ ಟೀಚರ್ ಕೂಸನ್ನೆತ್ತಿಕೊಂಡು, ಗೋಡೆ ಹಿಡಿದು ಮೆಲ್ಲಗೆ ನಡೆಯುತ್ತ ಬಾಗಿಲು ದಾಟಿ ಬರುತ್ತಾರೆ. "ಇಲ್ಲಿ ಫಲಕ ಇಲ್ಲ ದೊಡ್ಡಮ್ಮ. ಒಂದೇ ಒಂದ್ಸಲ ಎತ್ಕೊಳ್ಳಿ."

ದೊಡ್ಡಮ್ಮನ ಕೈ ಮುಂದಕ್ಕೆ ಬರುತ್ತದೆ. ಅರ್ಧದಲ್ಲಿ ನಿಲ್ಲುತ್ತದೆ. ಆಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. "ಬೇಡಮ್ಮ. ಈಗಷ್ಟೇ ನಿನ್ನ ವಾಸನೆ ಹಿಡ್ಕೊಂಡಿದ್ದಾಳೆ. ನಂದು ಮಧ್ಯದಲ್ಲಿ ಬೇಡ."

ಅಭ್ಯಾಸಬಲ, ತಲೆ ಬಗ್ಗಿಸುತ್ತಾರೆ. ಟೀಚರ್ ಬರಿಗಾಲು ಒದ್ದೆ ನೆಲದ ಮೇಲೆ ಸಡಿಲವಾಗಿ ಊರಿವೆ. ಅದನ್ನೇ ಒಂದು ಗಳಿಗೆ ನೋಡಿ, ಯಾರಿಗೂ ಕೇಳಿಸದಷ್ಟು ಸಣ್ಣಗೆ ನನ್ನನ್ನು ಕೇಳುತ್ತಾರೆ:

"ಆ ನಲವತ್ತು ಗ್ರಾಂನಲ್ಲಿ ನಂದೂ ಒಂದು ಚೂರು ಇದೆ, ಅಲ್ವಾ?"