ಒಂದು ಫ್ಲೋಟಿಗೆ ಒಂದು ನಮಾನ್

ಒಲಿಂಡಾ ಬಾಯಿಯ ಬಗ್ಗೆ ಬರೆಯಲು ನನಗೆ ಯಾವ ಯೋಗ್ಯತೆ ಉಂಟು ಎಂದು ಕೇಳಿದರೆ ಉತ್ತರ ಇಲ್ಲ. ಆದರೆ ಬೇರೆ ಯಾರೂ ಬರೆಯುವುದಿಲ್ಲ. ಪ್ಲಾಸ್ಟಿಕ್ ಶೆಡ್ಡಿನಲ್ಲಿ ಹತ್ತು ವರ್ಷ ನಿಂತೇ ದುಡಿದ ಹೆಂಗಸಿನ ಕಥೆ ಯಾರಿಗೆ ಬೇಕು? ಹಾಗಾಗಿ ಅವರ ಪಕ್ಕದಲ್ಲಿ ಕೂತು ದುಡಿದ ಈ ಕುಶಲಾ ಹೇಳಬೇಕಾಯಿತು. ನಾನು ಮಾಡಿದ ಅನ್ಯಾಯವನ್ನೂ ಹೇಳುತ್ತೇನೆ, ಬಿಡುವುದಿಲ್ಲ.

ಮಣಿಪಾಲದಲ್ಲಿ ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಶೇಖರ ಧಣಿಗಳ ಶೆಡ್ಡು ಇತ್ತು. ಒಳಗೆ ಕೈಯಿಂದ ಎಳೆಯುವ ಒಂದು ಅಚ್ಚಿನ ಯಂತ್ರ, ಹಳೆ ಪ್ಲಾಸ್ಟಿಕ್ ಪುಡಿ ಮಾಡುವ ಒಂದು ಗ್ರೈಂಡರ್, ಕರೆಂಟಿನಿಂದ ಕಾಯುವ ಒಂದು ಕಬ್ಬಿಣದ ತಟ್ಟೆ, ಕೆಲಸಕ್ಕೆ ನಾವು ಮೂರು ಜನ. ಹೊರಗೆ ಬೋರ್ಡು ಮಾತ್ರ ಎರಡು ಮಾರು ಉದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಧಣಿಗಳ ಬೆನ್ನ ಹಿಂದೆ ಹೇಳುತ್ತಿದ್ದೆ. ಎದುರಿಗೂ ಒಮ್ಮೆ ಹೇಳಿದ್ದುಂಟು.

ಅಲ್ಲಿ ಮೀನಿನ ಬಲೆಯ ಫ್ಲೋಟ್ ಆಗುತ್ತಿತ್ತು. ಬಲೆಯ ಮೇಲಂಚು ನೀರಿನ ಮೇಲೆ ನಿಲ್ಲಬೇಕಾದರೆ ಸಾಲಾಗಿ ಕಟ್ಟುತ್ತಾರಲ್ಲ, ಒಳಗೆ ಟೊಳ್ಳಾದ ಗುಂಡು, ಅದು. ನಮ್ಮ ಜೊತೆ ಕೆಲಸಕ್ಕಿದ್ದ ಅಣ್ಣು ಯಂತ್ರದ ಮೇಲಿನ ಬಾಯಿಗೆ ಪ್ಲಾಸ್ಟಿಕ್ ಕಾಳು ಸುರಿಯುವನು. ಅದು ಒಳಗೆ ಕರಗಿದ ಮೇಲೆ ಉದ್ದದ ಹಿಡಿಗೆ ಮೈಯ ಭಾರವನ್ನೆಲ್ಲ ಹಾಕಿ ಜೋತು ಬೀಳುವನು. ಕರಗಿದ್ದು ಅಚ್ಚಿನೊಳಗೆ ನುಗ್ಗುವುದು. ಆರಿದ ಮೇಲೆ ಅಚ್ಚು ಬಿಡಿಸಿದರೆ ತೆಂಗಿನ ಗೆರಟೆಯಂಥ ಅರ್ಧ ಚಿಪ್ಪು. ಅದರ ಅಂಚಿಗೆ ಉಳಿದ ಸಿಪ್ಪೆಯನ್ನು ಚೂರಿಯಿಂದ ಕೆರೆಯುವವಳು ನಾನು. ಎರಡು ಚಿಪ್ಪು ಸೇರಿಸಿ ಒಂದು ಗುಂಡು ಮಾಡುವವರು ಒಲಿಂಡಾ ಬಾಯಿ.

ಇಡೀ ಶೆಡ್ಡಿನಲ್ಲಿ ಕಷ್ಟದ ಕೆಲಸ ಅದೇ. ಒಂದೊಂದು ಕೈಯಲ್ಲಿ ಒಂದೊಂದು ಚಿಪ್ಪು ಹಿಡಿದು ಎರಡರ ಅಂಚನ್ನೂ ಕಾದ ತಟ್ಟೆಗೆ ಒತ್ತಬೇಕು. ಕಡಿಮೆ ಹೊತ್ತಾದರೆ ಅಂಚು ಕರಗುವುದಿಲ್ಲ, ಹೆಚ್ಚಾದರೆ ಹರಿದು ಹೋಗುತ್ತದೆ. ಸರಿಯಾದ ಹೊತ್ತಿಗೆ ಎತ್ತಿ, ಒಂದಕ್ಕೊಂದು ಒತ್ತಿ ಹಿಡಿಯಬೇಕು. ಶೆಡ್ಡಿನಲ್ಲಿ ಗಡಿಯಾರ ಇರಲಿಲ್ಲ. ಬಾಯಿಗೆ ಅದು ಬೇಕಾಗಿಯೂ ಇರಲಿಲ್ಲ. ಚಿಪ್ಪು ತಟ್ಟೆಗೆ ತಾಗಿದ ಕೂಡಲೇ ಅವರ ತುಟಿ ಅಲ್ಲಾಡಲು ಶುರು: ಕೊಂಕಣಿಯ ‘ನಮಾನ್ ಮರಿಯೆ’, ಮರಿಯಮ್ಮನಿಗೆ ಹೇಳುವ ಜಪ. ಒಂದು ನಮಾನ್ ಪೂರ್ತಿ ಮುಗಿದಾಗ ಅಂಚು ಕರಗಿರುತ್ತಿತ್ತು. ಒತ್ತಿ ಹಿಡಿಯಲು ಅರ್ಧ ನಮಾನ್.

“ಬಾಯಿ, ನಿಮ್ಮ ಮರಿಯಮ್ಮನಿಗೂ ಧಣಿಗಳು ಸಂಬಳ ಕೊಡಬೇಕು” ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

“ನಿನ್ನ ಬಾಯಿಗೆ ಆ ತಟ್ಟೆ ಒತ್ತಬೇಕು ನೋಡು” ಎಂದು ಅವರು ನಗುತ್ತಿದ್ದರು.

ಅವರು ಕಾಪುವಿನಿಂದ ಬರುತ್ತಿದ್ದರು, ಎರಡು ಬಸ್ಸು ಹಿಡಿದು. ನಾನು ಅಲೆವೂರಿನಿಂದ ನಡೆದು. ನಮ್ಮ ಮಾತೆಲ್ಲ ತುಳುವಿನಲ್ಲಿ. ಅವರಿಗೆ ಆಗ ಮೂವತ್ತೈದು ಇರಬಹುದು. ಗಂಡ ಜೋಕಿಮ್ ಪೊರ್ಬುಗಳು ಎಪ್ಪತ್ತೈದನೇ ಇಸವಿಯಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿಂದ ಪಾಸ್‌ಪೋರ್ಟ್ ಇಲ್ಲದೆ ಗಲ್ಫಿಗೆ ಲಾಂಚು ಹತ್ತಿದವರು. ಹತ್ತುವ ಮೊದಲು ಒಂದು ಕಾಗದ ಬರೆದಿದ್ದರು. ಆಮೇಲೆ ಏನೂ ಇಲ್ಲ. ಲಾಂಚು ದಡ ಸೇರಿತು ಎಂದು ಹೇಳಿದವರು ಇದ್ದರು, ನಡುಗಡಲಲ್ಲಿ ಮಗುಚಿತು ಎಂದವರೂ ಇದ್ದರು. ಕಂಡವರು ಯಾರೂ ಇಲ್ಲ.

ಎಪ್ಪತ್ತೆಂಟರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲೇ ಬಾಯಿ ನನ್ನ ಹತ್ತಿರ ಒಂದು ಮಾತು ಹೇಳಿದರು. ಆವತ್ತು ನಾನು, “ದಿನಕ್ಕೆ ಇನ್ನೂರು ಜಪವಾ? ಎಂತಕ್ಕೆ ಬಾಯಿ, ಅಷ್ಟು ಪಾಪ ಮಾಡಿದ್ದೀರಾ?” ಎಂದು ಕೇಳಿದ್ದೆ.

“ನಮ್ಮವರಿಗೆ ಅಂತ ಹೇಳುವುದು” ಎಂದರು. “ಒಂದು ಫ್ಲೋಟಿಗೆ ಒಂದು ನಮಾನ್. ನಾನು ಹಚ್ಚಿದ ಫ್ಲೋಟ್ ಒಂದೂ ಇವತ್ತಿನವರೆಗೆ ಮುಳುಗಿದ್ದು ಇಲ್ಲ ಕುಶಲಾ. ಇದು ತೇಲುವವರೆಗೆ ಅವರೂ ಎಲ್ಲಿಯೋ ಇದ್ದಾರೆ. ನೀನು ನಗಬೇಡ.”

ನಾನು ನಗಲಿಲ್ಲ. ನಗುವ ಮಾತಾಗಿರಲಿಲ್ಲ ಅದು. ಅವರ ಕೊರಳಿನ ಕರಿಮಣಿ ಬೆವರಿಗೆ ಅಂಟಿಕೊಂಡಿತ್ತು. ಆ ಕರಿಮಣಿ ಇಟ್ಟುಕೊಳ್ಳಬೇಕಾ ತೆಗೆಯಬೇಕಾ ಎಂದು ಕಾಪುವಿನ ಹೆಂಗಸರು ಅವರ ಬೆನ್ನ ಹಿಂದೆ ಮಾತಾಡುತ್ತಿದ್ದರಂತೆ. ಮಾತಾಡುವವರಿಗೆ ಎಂತ, ನಾಲಗೆಗೆ ಎಲುಬು ಉಂಟಾ?

ಎಂಬತ್ತೊಂದರ ಮಳೆಗಾಲ ಕಳೆಯುವ ಹೊತ್ತಿಗೆ ದೊಡ್ಡ ಆರ್ಡರ್ ಬಂತು. ಎರ್ಮಾಳಿನ ಕಿಟ್ಟ ಮತ್ತು ಅವನ ಜೊತೆಯವರು ಹೊಸ ಬಲೆ ಕಟ್ಟಿಸುತ್ತಿದ್ದರು. ಬೊಂಬಾಯಿಯಿಂದ ಬರಬೇಕಾದ ಹೊಸ ಕಾಳು ಬರಲಿಲ್ಲ. ಧಣಿಗಳು ನನ್ನನ್ನು ಗ್ರೈಂಡರಿನ ಹತ್ತಿರ ಕರೆದರು. ಅಲ್ಲಿ ಒಡೆದ ಬಕೆಟ್, ಚೊಂಬು, ಹಳೆ ಡಬ್ಬ, ಏನೇನೋ ಗುಡ್ಡೆ ಬಿದ್ದಿತ್ತು.

“ಇದನ್ನು ಪುಡಿ ಮಾಡಿ ಉಳಿದ ಕಾಳಿಗೆ ಅರ್ಧಕ್ಕರ್ಧ ಸೇರಿಸು ಕುಶಲಾ. ಬಣ್ಣ ಹಾಕಿದರೆ ಗೊತ್ತಾಗುವುದಿಲ್ಲ. ನಮ್ಮ ಇಬ್ಬರಲ್ಲೇ ಇರಲಿ.”

“ಹತ್ತು ಜಾತಿಯ ಪ್ಲಾಸ್ಟಿಕ್ ಉಂಟಲ್ಲ ಧಣಿ ಇದರಲ್ಲಿ. ಒಂದಕ್ಕೊಂದು ಹಿಡಿಯುತ್ತದಾ?”

“ನಿನಗೆ ಎಂತ ಆಗಬೇಕು ಅದರಿಂದ? ಮನೆಯಲ್ಲಿ ಕೂರಬೇಕಾ?”

ಮನೆಯಲ್ಲಿ ಕೂತರೆ ಹಾಸಿಗೆ ಹಿಡಿದ ನನ್ನ ಅಮ್ಮನಿಗೆ ಗಂಜಿ ಯಾರು ಕೊಡುತ್ತಾರೆ? ಸಂಜೆ ಬಾಯಿ, ಅಣ್ಣು ಇಬ್ಬರೂ ಹೋದ ಮೇಲೆ ಪುಡಿ ಮಾಡಿ ಸೇರಿಸಿದೆ. ಬಾಯಿ ಎಂದಿನಂತೆ ಒಂದೊಂದು ನಮಾನ್ ಹೇಳಿ ಬೆಸೆದರು. ಆದರೆ ಆ ಕಲಬೆರಕೆಗೆ ಒಂದಲ್ಲ, ಹತ್ತು ನಮಾನ್ ಹೇಳಿದರೂ ಒಳಗಿಂದ ಬೆಸುಗೆ ಕೂರುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಹೊರಗಿಂದ ನೋಡಿದರೆ ಚಂದ. ತೊಟ್ಟಿಯ ನೀರಿನಲ್ಲಿ ಹಾಕಿ ನೋಡಿದೆವು, ತೇಲಿತು. ತೊಟ್ಟಿಯಲ್ಲಿ ತೇಲಿದ್ದೆಲ್ಲ ಕಡಲಿನಲ್ಲಿ ತೇಲಬೇಕೆಂದು ಇಲ್ಲವಲ್ಲ.

ಒಂದು ತಿಂಗಳಾದ ಮೇಲೆ ಕಿಟ್ಟ ಬಂದ. ಹೆಗಲ ಮೇಲಿದ್ದ ಗೋಣಿಚೀಲವನ್ನು ಶೆಡ್ಡಿನ ನಡುವೆ ಮಗುಚಿದ. ಫ್ಲೋಟುಗಳು ಉರುಳಲಿಲ್ಲ. ಧೊಪ್ಪೆಂದು ಬಿದ್ದು ಅಲ್ಲಲ್ಲೇ ನಿಂತವು.

“ಬಲೆ ಪೂರಾ ಅಡಿಗೆ ಹೋಯಿತು ಶೇಖರಣ್ಣ” ಎಂದ. ಅವನ ಕಣ್ಣು ಕೆಂಪಾಗಿತ್ತು. “ಹೊಸ ಬಲೆ. ಕಲ್ಲಿಗೆ ಸಿಕ್ಕಿ ಹರಿದು ಹೋಯಿತು. ನೀವು ಮಾಡಿ ಕೊಟ್ಟದ್ದು ಫ್ಲೋಟಾ, ನೀರು ತುಂಬುವ ಚೊಂಬಾ ಮಾರಾಯ್ರೆ?”

ಧಣಿಗಳು ಒಂದು ಫ್ಲೋಟ್ ಎತ್ತಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿದೆ. “ಬೆಸುಗೆ ಬಿಟ್ಟಿದೆ” ಎಂದರು. “ಬಿಸಿ ಸಾಲಲಿಲ್ಲ. ಗಡಿಯಾರ ತಂದು ಹಾಕುತ್ತೇನೆಂದರೆ ಬಾಯಿಗೆ ಜಪವೇ ಸಾಕು. ಎಂತ ಮಾಡುವುದು ಹೇಳು?”

ಅಯ್ಯೋ ನನ್ನ ದೇವರೇ! ಬಸ್ಸಿನ ಕಂಡಕ್ಟರಿಗೆ ಬೈಯುವಾಗ, ಪೇಟೆಯ ಅಂಗಡಿಯವನ ಮರ್ಯಾದೆ ತೆಗೆಯುವಾಗ ಇದ್ದ ನನ್ನ ನಾಲಗೆ ಆ ಹೊತ್ತಿಗೆ ಎಲ್ಲಿ ಸತ್ತು ಹೋಗಿತ್ತೋ. “ತಪ್ಪು ಕಾಳಿನದ್ದು” ಎಂಬ ಎರಡು ಶಬ್ದದ ಮಾತು ಬರಲಿಲ್ಲ.

ಬಾಯಿ ಧಣಿಗಳ ಮಾತು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಬಗ್ಗಿ ಒಂದು ಫ್ಲೋಟ್ ಎತ್ತಿಕೊಂಡರು. ತೆಂಗಿನಕಾಯಿ ನೋಡುವ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಕಡಲ ನೀರು ಗುಳುಗುಳು ಎಂದಿತು. ಅದನ್ನು ಕೆಳಗಿಟ್ಟು ಇನ್ನೊಂದು ಎತ್ತಿದರು. ಮತ್ತೊಂದು. ಆಮೇಲೆ ಚಿಪ್ಪುಗಳ ಚೀಲದ ಮೇಲೆ ಕೂತುಬಿಟ್ಟರು.

“ಮುಳುಗಿದರು” ಎಂದರು. ಅಷ್ಟೇ.

ಕಿಟ್ಟನಿಗೆ ಅರ್ಥವಾಗಲಿಲ್ಲ. ಧಣಿಗಳಿಗೂ ಆಗಲಿಲ್ಲ. ಅರ್ಥವಾದದ್ದು ನನಗೊಬ್ಬಳಿಗೆ. ಆದರೂ ನಾನು ಚೂರಿ ಹಿಡಿದು ಚಿಪ್ಪು ಕೆರೆಯುತ್ತ ಕೂತಿದ್ದೆ.

ಆ ವಾರವೇ ಬಾಯಿ ಊರಿನ ಇಗರ್ಜಿಯಲ್ಲಿ ಗಂಡನ ಆತ್ಮಕ್ಕೆ ಪೂಜೆ ಇಡಿಸಿದರು. ಪಾದ್ರಿಗಳು, ಇಷ್ಟು ಅವಸರ ಎಂತಕ್ಕೆ, ಇನ್ನೂ ಸ್ವಲ್ಪ ಕಾಯಬಹುದಲ್ಲ ಎಂದರಂತೆ. ಇವರು ಕೇಳಲಿಲ್ಲ. ಕಪ್ಪು ಸೀರೆ ಉಟ್ಟು, ಬರಿ ಕೊರಳಿನಲ್ಲಿ ಕೆಲಸಕ್ಕೆ ಬಂದರು. ಧಣಿಗಳು ಗೋಡೆಗೆ ಗಡಿಯಾರ ಹಾಕಿಸಿದ್ದರು. ಬಾಯಿ ಮುಳ್ಳು ನೋಡಿ ಬೆಸೆದರು. ತುಟಿ ಅಲ್ಲಾಡಲಿಲ್ಲ. ಅಷ್ಟರಲ್ಲಿ ಹೊಸ ಕಾಳೂ ಬಂದಿತ್ತು, ಆಮೇಲಿನ ಫ್ಲೋಟ್ ಒಂದೂ ಸೋರಲಿಲ್ಲ. “ನೋಡಿ, ಜಪಕ್ಕಿಂತ ಗಡಿಯಾರ ವಾಸಿ” ಎಂದು ಧಣಿಗಳು ನಕ್ಕರು. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ನನ್ನ ಮೇಲೆಯೇ ಉರಿಯುವುದು ಹೆಚ್ಚು.

ಮೂರು ವರ್ಷ ಹೀಗೆ ಹೋಯಿತು. ಮೊದಲ ವರ್ಷ ಬಾಯಿ ಅತ್ತರು, ಬುತ್ತಿ ಬಿಚ್ಚಿ ಹಾಗೆಯೇ ಕಟ್ಟಿದರು. ಎರಡನೇ ವರ್ಷ ಮನೆಯಂಗಳದಲ್ಲಿ ಮಲ್ಲಿಗೆ ಗಿಡ ಹಾಕಿದರು. ಮೂರನೇ ವರ್ಷ ಆ ಮಲ್ಲಿಗೆಯ ಒಂದು ತುಂಡು ಮಾಲೆಯನ್ನು ಬಾಳೆಯೆಲೆಯಲ್ಲಿ ಸುತ್ತಿ ತಂದು ನನಗೆ ಕೊಟ್ಟು, “ಮುಡಿದುಕೋ, ಮದುವೆಯ ಹೆಣ್ಣು” ಎಂದು ತಮಾಷೆ ಮಾಡಿದರು. ಅವರ ನಗು ತಿರುಗಿ ಬಂದಿತ್ತು. ರಾತ್ರಿ ನಿದ್ದೆ ಬರುತ್ತದೆ ಎಂದಿದ್ದರು. ಅಂಚೆಯವನ ಸೈಕಲ್ಲಿನ ಸದ್ದಿಗೆ ಈಗ ಎದ್ದು ಹೋಗುವುದಿಲ್ಲ ಎಂದಿದ್ದರು. ಅಷ್ಟಕ್ಕೆ ಸುಮ್ಮನಿರಬಾರದಿತ್ತಾ ನಾನು?

ಅಮ್ಮ ತೀರಿಕೊಂಡಿದ್ದಳು, ನನಗೆ ಕಾರ್ಕಳದ ಕಡೆ ಮದುವೆ ಗೊತ್ತಾಗಿತ್ತು. ಕೆಲಸ ಬಿಡುವ ದಿನ. ಇನ್ನು ಧಣಿಗಳ ಹೆದರಿಕೆ ಇಲ್ಲ. ಎದೆಯ ಕಲ್ಲು ಇಳಿಸಿ ಹಗುರಾಗಿ ಗಂಡನ ಮನೆಗೆ ಹೋಗಬೇಕೆಂದು ನನ್ನ ಆಸೆ. ನನ್ನ ಆಸೆ, ನೋಡಿ! ಸಂಜೆ ಬಸ್‌ ಸ್ಟ್ಯಾಂಡಿನಲ್ಲಿ ಬಾಯಿಯ ಕೈ ಹಿಡಿದು ಎಲ್ಲ ಹೇಳಿಬಿಟ್ಟೆ. ಒಡೆದ ಬಕೆಟ್ಟು, ಗ್ರೈಂಡರು, ಅರ್ಧಕ್ಕರ್ಧ. “ನಿಮ್ಮ ಜಪದಲ್ಲಿ ತಪ್ಪು ಇರಲಿಲ್ಲ ಬಾಯಿ. ತಪ್ಪು ಕಾಳಿನದ್ದು. ನಾನು ಬಾಯಿ ಬಿಡಲಿಲ್ಲ.”

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಹೊಡೆದರೂ ಆಗಬಹುದು ಎಂದುಕೊಂಡಿದ್ದೆ. ಉಡುಪಿಯ ಬಸ್ಸು ಬಂದು ನಿಂತಿತು, ಹೊರಟೂ ಹೋಯಿತು. ಅವರು ಹತ್ತಲಿಲ್ಲ.

“ಹಾಗಾದರೆ ಈ ಮೂರು ವರ್ಷ” ಎಂದರು ನಿಧಾನಕ್ಕೆ, “ಅವರಿಗೆ ಅಂತ ನಮಾನ್ ಹೇಳಿದ್ದು ಯಾರು, ಕುಶಲಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಎದೆಯ ಕಲ್ಲನ್ನು ಇಳಿಸಿದ್ದು ಹೌದು, ಇಳಿಸಿದ್ದು ಅವರ ಎದೆಯ ಮೇಲೆ.

ಮುಂದಿನದ್ದೆಲ್ಲ ನನಗೆ ಅಣ್ಣುವಿನಿಂದ ಗೊತ್ತಾದದ್ದು. ಅವನು ಕಾರ್ಕಳಕ್ಕೆ ಬಂದಾಗಲೆಲ್ಲ ಮನೆಗೆ ಬರುತ್ತಿದ್ದ. ಬಾಯಿ ಮರುದಿನವೇ ಬಣ್ಣದ ಸೀರೆ ಉಟ್ಟು, ಕರಿಮಣಿ ಹಾಕಿ ಬಂದರಂತೆ. ಗಡಿಯಾರಕ್ಕೆ ಬೆನ್ನು ಹಾಕಿ ನಿಂತು ಮತ್ತೆ ಜಪದಲ್ಲೇ ಬೆಸೆಯತೊಡಗಿದರಂತೆ. ಅದೂ ಸಾಲದೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಮಲ್ಲಿಗೆ ಕೊಯ್ಯುವಾಗ, ಬಿಟ್ಟುಹೋದ ಮೂರು ವರ್ಷದ ನಮಾನ್‌ಗಳನ್ನು ಹೇಳಿ ತುಂಬಿಸುತ್ತಿದ್ದರು. ಅಂಚೆಯವನಿಗಾಗಿ ಮತ್ತೆ ಬಾಗಿಲಲ್ಲಿ ನಿಂತರು. ನಿದ್ದೆ ಹೋಯಿತು. ಊಟ ಕಡಿಮೆಯಾಯಿತು. “ಎಂತ ಮಾಡಿದೆ ಮಾರಾಯ್ತಿ ನೀನು?” ಎಂದು ಅಣ್ಣು ಕೇಳಿದ. ನಾನು ಒಳಗೆ ಹೋಗಿ ಅತ್ತೆ.

ಎಂಬತ್ತೆಂಟರಲ್ಲಿ ಬಾಯಿ ತೀರಿಕೊಂಡರು. ಜ್ವರ ಎಂದರು. ಇನ್ನೂ ಐವತ್ತು ತುಂಬಿರಲಿಲ್ಲ. ಸುದ್ದಿ ತಿಳಿದ ಕೂಡಲೇ ಕಾರ್ಕಳದಿಂದ ಹೊರಟು ಮಧ್ಯಾಹ್ನಕ್ಕೆ ಕಾಪು ಮುಟ್ಟಿದೆ. ಚಿಕ್ಕ ಹಂಚಿನ ಮನೆ, ಅಂಗಳದ ಮಲ್ಲಿಗೆ ಕೊಯ್ಯದೆ ಅರಳಿ ಉದುರಿತ್ತು. ಒಳಗೆ ಬಾಯಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಜೋಕಿಮ್ ಪೊರ್ಬುಗಳ ತಂಗಿ ಎಸ್ತರ್ ನನ್ನನ್ನು ಪಕ್ಕಕ್ಕೆ ಕರೆದಳು.

“ಅಕ್ಕ, ನೀವು ಕುಶಲಾ ಅಲ್ವಾ? ಅತ್ತಿಗೆ ಯಾವಾಗಲೂ ಹೇಳುತ್ತಿದ್ದರು. ಒಂದು ಕೇಳಲಿಕ್ಕುಂಟು. ಗಂಡ ಇದ್ದವರಾದರೆ ಕರಿಮಣಿ ಕೊರಳಲ್ಲೇ ಇರಬೇಕು, ಇಲ್ಲದವರಾದರೆ ತೆಗೆಯಬೇಕು. ಮನೆಯಲ್ಲಿ ಅರ್ಧ ಜನ ತೆಗೆ ಎನ್ನುತ್ತಾರೆ, ಅರ್ಧ ಜನ ಬೇಡ ಎನ್ನುತ್ತಾರೆ. ಅಣ್ಣನ ವಿಷಯ ನಿಮಗೆ ಏನಾದರೂ ಗೊತ್ತುಂಟಾ? ನಿಮ್ಮ ಮಾತು ಕೇಳಿಯೇ ಅವರು ಇದನ್ನು ಮತ್ತೆ ಹಾಕಿದ್ದಂತೆ.”

ನನಗೆ ಏನು ಗೊತ್ತುಂಟು? ಒಡೆದ ಬಕೆಟ್ಟಿನ ವಿಷಯ ಗೊತ್ತುಂಟು. ಕಡಲಿನ ವಿಷಯ ಯಾರಿಗೆ ಗೊತ್ತು? ಒಮ್ಮೆ ಸುಮ್ಮನಿದ್ದು ಈ ಹೆಂಗಸನ್ನು ವಿಧವೆ ಮಾಡಿದವಳು ನಾನು, ಒಮ್ಮೆ ಮಾತಾಡಿ ಮತ್ತೆ ಕಾಯುವಂತೆ ಮಾಡಿದವಳೂ ನಾನೇ. ಈಗ ಮೂರನೇ ಸಲ ನನ್ನ ಬಾಯಿಯಿಂದಲೇ ತೀರ್ಮಾನ ಕೇಳುತ್ತಿದ್ದಾರೆ. ಅವರ ಕೈ ನೋಡಿದೆ. ಬೆರಳಿನ ತುದಿಗಳಲ್ಲಿ ತಟ್ಟೆ ಸುಟ್ಟ ಹಳೆಯ ಕಲೆಗಳು ಹಾಗೆಯೇ ಇದ್ದವು.

“ಇರಲಿ” ಎಂದೆ. “ತೆಗೆಯಬೇಡಿ.”

ಎಸ್ತರ್ ಕರಿಮಣಿಯನ್ನು ಸರಿಪಡಿಸಿ, ಸೆರಗು ಮುಚ್ಚಿದಳು. ಹೆಂಗಸರು ಸುತ್ತ ಮೊಣಕಾಲೂರಿ ಜಪ ಶುರುಮಾಡಿದರು. ನಾನು ಅವರ ಮತದವಳಲ್ಲ, ಕೊಂಕಣಿ ನನಗೆ ಬರುವುದೂ ಇಲ್ಲ. ಆದರೆ ಮೊದಲ ಮೂರು ವರ್ಷ ಪಕ್ಕದಲ್ಲಿ ಕೂತು ಕೇಳಿದ್ದೆನಲ್ಲ. ಮೊದಲ ಶಬ್ದದಿಂದ ಕೊನೆಯ ಶಬ್ದದವರೆಗೆ ಒಂದು ನಮಾನ್ ನನ್ನ ಬಾಯಿಯಿಂದ ತಪ್ಪದೆ ಬಂತು. ಎರಡು ಚಿಪ್ಪಿನ ಅಂಚು ಕರಗಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಹಿಡಿಯಿತು. ಜೋಕಿಮ್ ಪೊರ್ಬುಗಳಿಗೆ ಇನ್ನು ಹೇಳುವವರು ಯಾರೂ ಇಲ್ಲ ಎಂದು ನೆನಪಾಗಿ, ಅವರಿಗೆ ಅಂತ ಇನ್ನೊಂದು ಹೇಳಿದೆ.