ತುಕ್ಕು ಹಿಡಿಸಿ ಕೊಟ್ಟ ಎಂಟು ಕುರ್ಚಿಗಳು

ಏಳನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೂ ಹೊನ್ನಾವರದ ನಮ್ಮ ಮನೆಯ ಪಕ್ಕದ ತಗಡಿನ ಮಾಡಿನಡಿ ನಾನು ಮಾಡಿಕೊಟ್ಟ ಗೇಟಾಗಲಿ, ಮಂಚವಾಗಲಿ, ಐಸ್ ಪೆಟ್ಟಿಗೆಯ ಸ್ಟ್ಯಾಂಡಾಗಲಿ, ಭಟ್ಕಳದಿಂದ ಕುಮಟಾವರೆಗೆ ಎಲ್ಲಿಂದಲೂ ತುಕ್ಕು ಹಿಡಿದು ವಾಪಸು ಬಂದದ್ದಿಲ್ಲ. ಸಮುದ್ರದ ಗಾಳಿ ಕಬ್ಬಿಣವನ್ನು ಹಪ್ಪಳದ ಹಾಗೆ ತಿನ್ನುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ವೆಲ್ಡಿಂಗ್ ಮುಗಿದು ಬಿಸಿ ಆರಿತೋ ಇಲ್ಲವೋ, ನನ್ನ ಕೈ ತಾನಾಗಿಯೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣದ ಡಬ್ಬಿಯ ಕಡೆ ಹೋಗುತ್ತದೆ.

ಇಂಥವನನ್ನು ಹುಡುಕಿಕೊಂಡು, ಅಪ್ಸರಕೊಂಡದ ಹತ್ತಿರ ರೆಸಾರ್ಟ್ ಕಟ್ಟಿಸುತ್ತಿದ್ದ ಒಬ್ಬ ಸಾಹುಕಾರರು ಬಂದರು. ಮೊಬೈಲಿನಲ್ಲಿ ಒಂದು ಕುರ್ಚಿಯ ಫೋಟೋ ತೋರಿಸಿದರು. ಕುರ್ಚಿಯ ಮೈತುಂಬ ತುಕ್ಕು.

"ಇದು ಹಾಳಾಗಿ ಹೋಯ್ತು ಸಾರ್. ಹೊಸದು ಮಾಡ್ಕೊಡ್ತೇನೆ."

"ಹೊಸದೇ ಬೇಕು. ಆದ್ರೆ ಹೀಗೇ ತುಕ್ಕು ಹಿಡಿದಿರಬೇಕು. ಎಂಟು ಕುರ್ಚಿ."

ನಮ್ಮೂರಿಗೆ ಬಂದು ತುಕ್ಕಿಗೆ ಆರ್ಡರ್ ಕೊಡುವುದೆಂದರೆ, ಮೀನು ಪೇಟೆಗೆ ಬಂದು ಮೀನು ಬೇಡ, ವಾಸನೆ ಮಾತ್ರ ಕಟ್ಟಿಕೊಡಿ ಅಂದ ಹಾಗೆ. ಆದರೂ ಒಪ್ಪಿದೆ. ರೇಟು ಒಳ್ಳೆಯದಿತ್ತು, ಸುಳ್ಳು ಯಾಕೆ ಹೇಳಲಿ?

ಮೊದಲನೇ ಕುರ್ಚಿ ಮುಗಿಸಿ ನೋಡುತ್ತೇನೆ, ಕೈಯಲ್ಲಿ ಬ್ರಷ್ಷು, ಕುರ್ಚಿಯ ಮೈಗೆಲ್ಲ ರೆಡ್ ಆಕ್ಸೈಡ್! ಗಿರಾಕಿ ಹೇಳಿದ್ದು ತಲೆಗೆ, ಕೈಗೆ ಯಾರೂ ಹೇಳಿರಲಿಲ್ಲ. ಬಳಿದದ್ದನ್ನೆಲ್ಲ ಗ್ರೈಂಡರ್ ಹಿಡಿದು ತೆಗೆದೆ. ಆಮೇಲೆ ಎಂಟನ್ನೂ ಅಂಗಳದಲ್ಲಿ ಸಾಲಾಗಿ ಇಟ್ಟು, ತುಳಸಿಗೆ ನೀರೆರೆಯುವ ಭಕ್ತಿಯಿಂದ ಬೆಳಿಗ್ಗೆ ಸಂಜೆ ಉಪ್ಪುನೀರು ಚಿಮುಕಿಸಿದೆ. ಹೆಂಡತಿ ಮೀನು ತೊಳೆದ ನೀರನ್ನೂ ತಂದು ಸುರಿದಳು. "ದೊಡ್ಡವ್ರು ಕೂತ್ಕಳ್ಳೂ ಕುರ್ಚಿ, ಸ್ವಲ್ಪ ರುಚಿ ಇರ್ಲಿ" ಅಂದಳು.

ನಾಲ್ಕೇ ದಿನದಲ್ಲಿ ಕುರ್ಚಿಗಳು ಸಾಹುಕಾರರು ಬಯಸಿದಂತೆಯೇ ಹಾಳಾದವು.

ಐದನೇ ದಿನ ಮೀನು ಮಾರುವ ಅಕ್ಕ ಬಂದಳು. ಕೂತು ಮೀನು ಕೊಯ್ದು ಕೊಯ್ದು ಅವಳ ಮೊಣಕಾಲು ಹಾಳಾಗಿದ್ದವು. ನಿಂತು ಕೊಯ್ಯಲು ಬರುವಂಥ ಎತ್ತರದ ಕಬ್ಬಿಣದ ಮೇಜಿಗೆ ನನ್ನ ಹತ್ತಿರ ಹೇಳಿಟ್ಟಿದ್ದಳು. ಅಂಗಳ ನೋಡಿದವಳೇ ಬುಟ್ಟಿ ಕೆಳಗಿಟ್ಟಳು.

"ಎಂತದೋ ತಮ್ಮಾ ಇದು? ಯಾರ ಮನೆಯಿಂದ ವಾಪಸ್ ಬಂತು?"

"ವಾಪಸ್ ಅಲ್ಲ ಅಕ್ಕಾ, ಹೊಸ್ದು. ಅವ್ರಿಗೆ ತುಕ್ಕೇ ಬೇಕಂತೆ."

"ದುಡ್ಡು ಕೊಟ್ಟು ತುಕ್ಕು ತಕೊಂಬವ್ರು ಯಾರಿದ್ರೋ? ಕೆಲ್ಸ ಕೆಟ್ರೆ ಕೆಟ್ತು ಅನ್ನು, ಸುಳ್ಳು ಎಂತಕ್ಕೆ? ನಂಗೆ ಮೇಜು ಬ್ಯಾಡ, ಆತಾ?"

ಮರುದಿನ ಮೀನು ಪೇಟೆಗೆಲ್ಲ ಸುದ್ದಿ. ಐಸ್ ಪೆಟ್ಟಿಗೆಯ ಸ್ಟ್ಯಾಂಡಿಗೆ ಹೇಳಿದ್ದ ಒಬ್ಬ ಫೋನು ಮಾಡಿ, "ಸ್ವಲ್ಪ ತಡಿ ಮಾರಾಯಾ, ಕುಮಟಾದಲ್ಲೂ ಒಂದು ಸಲ ಕೇಳ್ತೆ" ಅಂದ. ಇಪ್ಪತ್ತು ವರ್ಷ ಕಾಪಾಡಿಕೊಂಡ ಹೆಸರಿಗೆ ನಾನೇ ಉಪ್ಪುನೀರು ಹೊಡೆದ ಹಾಗಾಯಿತು.

ಕುರ್ಚಿ ಸಾಗಿಸುವ ದಿನ ಟೆಂಪೊವನ್ನು ಸೀದಾ ಮೀನು ಪೇಟೆಗೆ ತಿರುಗಿಸಿದೆ.

"ಅಕ್ಕಾ, ನನ್ನ ಮಾತು ನಂಬಬೇಡ. ಬಂದು ಕಣ್ಣಾರೆ ನೋಡು."

ಮೀನು ಖಾಲಿಯಾಗಿತ್ತು. ಬಂದಳು, ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲೇ ಕೂತಳು.

ರೆಸಾರ್ಟಿನಲ್ಲಿ ಸಾಹುಕಾರರು ಕುರ್ಚಿಯನ್ನು ಮಗುವಿನ ತಲೆ ಸವರಿದಂತೆ ಸವರಿದರು. ಅಂಗೈ ಕೆಂಪಾಯಿತು. "ಎಷ್ಟು ನ್ಯಾಚುರಲ್!" ಅಂದರು. ಮತ್ತೆ ಒಂದು ಕುರ್ಚಿಯ ಹತ್ತಿರ ನಿಂತು, "ಇದಕ್ಕೆ ತುಕ್ಕು ಸ್ವಲ್ಪ ಕಡಿಮೆಯಾಯ್ತಲ್ಲ" ಅಂದರು. ನನ್ನ ಜನ್ಮದಲ್ಲಿ ಅಂಥ ದೂರು ಕೇಳಿದ್ದು ಅದೇ ಮೊದಲು.

ಅಕ್ಕ ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ಹತ್ತಿರ ಹೋಗಿ ಮೆಲ್ಲಗೆ, "ಸೀಮೆಎಣ್ಣೆ ಹಾಕಿ ತಿಕ್ಕಿ ಸ್ವಾಮೀ, ಹೋಗ್ತದೆ. ನಿಮಗೆ ಹೇಳೂಕೆ ಮನೇಲಿ ದೊಡ್ಡವ್ರು ಯಾರೂ ಇಲ್ವಾ?" ಅಂದಳು. ಅವರು ಜೋರಾಗಿ ನಕ್ಕು, ಅವಳನ್ನು ಕುರ್ಚಿಯ ಪಕ್ಕ ನಿಲ್ಲಿಸಿ ಫೋಟೋ ಹೊಡೆದುಕೊಂಡರು.

ವಾಪಸು ಬರುವಾಗ ಟೆಂಪೊ ಶರಾವತಿ ಸೇತುವೆ ಹತ್ತಿತು. ಅಕ್ಕ ನನ್ನ ಕಡೆ ತಿರುಗಿದಳು.

"ಮೇಜು ಮಾಡು ತಮ್ಮಾ. ಆದ್ರೆ ನಂಗೆ ತುಕ್ಕು ಗಿಕ್ಕು ಬ್ಯಾಡ. ಅಷ್ಟು ದೊಡ್ಡ ಜನ ಅಲ್ಲ ನಾವು."

ಮೀನು ಪೇಟೆಯ ಎದುರು ಟೆಂಪೊ ನಿಲ್ಲಿಸಿ, ಎಲ್ಲ ಹೆಂಗಸರೂ ನೋಡುವ ಹಾಗೆ ಅವಳನ್ನು ನೆಟ್ಟಗೆ ನಿಲ್ಲಿಸಿದೆ. ನೆಲದಿಂದ ಮೊಣಕೈವರೆಗೆ ಟೇಪು ಹಿಡಿದು, ಇಂಚುಗಳನ್ನು ಗಟ್ಟಿಯಾಗಿ ಓದಿದೆ. ಆ ಅಳತೆ ಮೊದಲೇ ನನ್ನ ಹತ್ತಿರ ಇತ್ತು. ಆದರೂ ಎರಡು ಸಲ ಓದಿದೆ.